ಧಾರೆಗೆ ಮುಂಚೆ ನಿನಗೊಂದು ಪತ್ರ

ಮಂಜು,

ನೀನು ಕಳಿಸಿದ ಪ್ರೀ ವೆಡ್ಡಿಂಗ್ ವಿಡಿಯೋ ನೋಡಿದೆ. ಚೆನ್ನಾಗಿದೆ ಕಣೋ. ಹುಡುಗಿ ಮುದ್ದಾಗಿದ್ದಾಳೆ, ನಿನ್ನ ಬಂದ್‌ಗಲಾ ಕೂಡ ಸರಿಯಾಗಿ ಕೂತಿದೆ. ಶೆಟ್ಟಿ ಸೋಡಾ ಪ್ರಕರಣದ ಹೀರೋ ಇವನೇನಾ ಅಂತ ನಮ್ಮ ಬ್ಯಾಚಿನವರೆಲ್ಲ ಕೇಳುತ್ತಿದ್ದಾರೆ. ಉಳಿದವರು ಆ ಪ್ರಕರಣ ಏನು ಅಂತ ಕೇಳಬೇಡಿ, ಹೇಳಲ್ಲ.

ಏನನ್ನಿಸಿತು ಹೇಳು ಅಂತ ನೀನು ಅಂದೆ. ಫೋನಿನಲ್ಲಿ ಹೇಳಲು ಬರಲಿಲ್ಲ. ಇಲ್ಲಿ ಎಲ್ಲರ ಮುಂದೆ ಬರೆಯುತ್ತಿದ್ದೇನೆ, ಯಾಕೆಂದರೆ ಈ ಸೀಸನ್ನಿನಲ್ಲಿ ಹಸೆಮಣೆ ಏರುತ್ತಿರುವವನು ನೀನೊಬ್ಬನೇ ಅಲ್ಲವಲ್ಲ.

ವಿಡಿಯೋದಲ್ಲಿ ಒಂದು ಕಡೆ ನೀವಿಬ್ಬರೂ ಕಲ್ಲುಕಂಬದ ಹತ್ತಿರ ನಿಂತು ಒಬ್ಬರನ್ನೊಬ್ಬರು ನೋಡುತ್ತೀರಿ. ಅವಳ ದುಪಟ್ಟಾ ಗಾಳಿಗೆ ಹಾರುತ್ತದೆ. ಹಿಂದಿನ ಮರದಲ್ಲಿ ಒಂದು ಎಲೆಯೂ ಅಲ್ಲಾಡುತ್ತಿಲ್ಲ. ಅಸಿಸ್ಟೆಂಟ್ ಹುಡುಗ ದುಪಟ್ಟಾ ತುದಿ ಹಿಡಿದು ಮೇಲಕ್ಕೆಸೆದು ಓಡಿದ್ದಾನೆ, ಎಡ ಮೂಲೆಯಲ್ಲಿ ಅವನ ಮೊಣಕೈ ಹಾಗೇ ಉಳಿದಿದೆ. ಅದು ಬಿಡು. ನಿನ್ನ ನೋಟ ಇದೆಯಲ್ಲ, ಅದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು.

ವಿರಾಟ್ ಕೊಹ್ಲಿ, ಅನುಷ್ಕಾ ಶರ್ಮಾ ಮಾಡಿದ, ಮದುವೆ ಉಡುಪಿನ ಮಾನ್ಯವರ್ ಕಂಪನಿಯ ಜಾಹೀರಾತು ನೆನಪಿದೆಯಾ? 2017ರದ್ದು. ಬೇರೆಯವರ ಮದುವೆಗೆ ಬಂದ ಜೋಡಿ, ಅಲ್ಲೇ ಕೂತು ಮೆಲ್ಲಗೆ ಒಬ್ಬರಿಗೊಬ್ಬರು ಮಾತು ಕೊಡುತ್ತಾರೆ. ಅವಳು ನಗುತ್ತಾಳೆ, ಅವನು ನೋಡುತ್ತಾನೆ. ಅದೇ ವರ್ಷ ಡಿಸೆಂಬರ್ 11ಕ್ಕೆ ಇಟಲಿಯ ಟಸ್ಕನಿಯಲ್ಲಿ ಅವರ ಮದುವೆ ನಿಜವಾಗಿಯೂ ಆಯಿತು. ಫೋಟೋ ಬಂದಾಗ ಜಾಹೀರಾತು ಯಾವುದು, ಮದುವೆ ಯಾವುದು ಅಂತ ನನ್ನ ತಲೆಯಲ್ಲಿ ಎರಡೂ ಕಲಸಿಹೋದವು. ಅವರ ಪರಿಚಯವಾದದ್ದೂ 2013ರಲ್ಲಿ ಒಂದು ಶಾಂಪೂ ಜಾಹೀರಾತಿನ ಶೂಟಿಂಗಿನಲ್ಲಿ. ಅವರ ಪ್ರೀತಿ ಸುಳ್ಳು ಅನ್ನುತ್ತಿಲ್ಲ ಮತ್ತೆ. ಅದು ಅವರದು. ಆ ನೋಟವನ್ನು ಶೇರ್ವಾನಿ ಜೊತೆ ನಮಗೆ ಮಾರಿದವರ ಮೇಲೆ ನನ್ನ ತಕರಾರು.

ಹಿಂದೆ ಬರೀ ಮುಖ ಸಾಕಾಗುತ್ತಿತ್ತು. ನಮ್ಮ ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ 1941ರಲ್ಲಿ ಲಕ್ಸ್ ಸೋಪಿನ ಜಾಹೀರಾತಿಗೆ ಬಂದರು, ಹಾಗೆ ಬಂದ ಮೊದಲ ಭಾರತೀಯ ತಾರೆ ಅವರು. ಆ ಸೋಪು ಕೊಂಡವರು ಹೆಚ್ಚೆಂದರೆ ಕನ್ನಡಿ ನೋಡಿ ಬೇಜಾರು ಮಾಡಿಕೊಂಡಿರಬಹುದು. ಈಗ ಜೋಡಿಯನ್ನೇ ತೋರಿಸುತ್ತಾರೆ. ಬೇಜಾರು ಪಕ್ಕದಲ್ಲಿ ಮಲಗಿದವರನ್ನು ನೋಡಿ ಆಗುತ್ತದೆ.

ಆ ಜೋಡಿಯಲ್ಲೂ ಹೆಣ್ಣಿನ ಪಾಡು ಬೇರೆ. 2015ರ ಕ್ರಿಕೆಟ್ ವಿಶ್ವಕಪ್ ಸೆಮಿಫೈನಲ್, ಸಿಡ್ನಿ, ಆಸ್ಟ್ರೇಲಿಯಾ ಎದುರು. ಕೊಹ್ಲಿ 1 ರನ್ನಿಗೆ ಮಿಚೆಲ್ ಜಾನ್ಸನ್‌ಗೆ ಔಟಾದ. ಅನುಷ್ಕಾ ಸ್ಟ್ಯಾಂಡಿನಲ್ಲಿ ಕೂತಿದ್ದಳು, ಅಷ್ಟೇ ಅವಳ ತಪ್ಪು. ಸೋಲು ಅವಳ ತಲೆಗೆ ಕಟ್ಟಿದರು. ತಾನೂ ನಿರ್ಮಾಪಕಿಯಾಗಿದ್ದ ಮೊದಲ ಸಿನಿಮಾ ಅದೇ ತಿಂಗಳು ತೆರೆಗೆ ಬಂದಿತ್ತು, ಅದು ಯಾರಿಗೆ ಬೇಕು? ಮುಂದಿನ ವರ್ಷ ಮೊಹಾಲಿಯಲ್ಲಿ ಅದೇ ಆಸ್ಟ್ರೇಲಿಯಾ ಮೇಲೆ ಕೊಹ್ಲಿ ಔಟಾಗದೆ 82 ಹೊಡೆದ. ಆಗಲೂ ಜೋಕು ಅವಳ ಮೇಲೆಯೇ. ಕೊನೆಗೆ ಅವನೇ, ನಾಚಿಕೆಯಾಗಬೇಕು ನಿಮಗೆ ಅಂತ ಬರೆಯಬೇಕಾಯಿತು. ಗೆದ್ದ ದಿನ ಚೆಂದಕ್ಕೆ ಅವಳು ಪಕ್ಕದಲ್ಲಿರಬೇಕು, ಸೋತ ದಿನ ಬೈಯಲು ಎದುರಿಗಿರಬೇಕು. ನನಗೆ ಈಗಲೂ ಸಿಟ್ಟು ಬರುತ್ತದೆ.

ದೀಪಿಕಾ ಪಡುಕೋಣೆ ಸೀರೆಯ ಕಥೆಯೂ ಹಾಗೇ. 2018ರ ನವೆಂಬರಿನಲ್ಲಿ ಕೋಮೋ ಸರೋವರದ ಹತ್ತಿರ ಕೊಂಕಣಿ ಪದ್ಧತಿಯ ಮದುವೆ. ಅವಳು ಉಟ್ಟ ಸೀರೆ ಡಿಸೈನರ್ ಸಬ್ಯಸಾಚಿಯದ್ದು ಅಂತ ಸುದ್ದಿಯಾಯಿತು. ಆಮೇಲೆ ಸಬ್ಯಸಾಚಿ ಕಡೆಯವರೇ ತಿದ್ದಿದರು: ಕೊಂಕಣಿಗರಲ್ಲಿ ಮದುಮಗಳ ಸೀರೆ ಅಮ್ಮ ಕೊಡುವುದು ಪದ್ಧತಿ, ಇದನ್ನು ಕೊಟ್ಟವರು ಉಜ್ಜಲಾ ಪಡುಕೋಣೆ, ಹೆಸರು ಸಲ್ಲಬೇಕಾದ್ದು ಬೆಂಗಳೂರಿನ ‘ಅಂಗಡಿ ಗ್ಯಾಲೇರಿಯಾ’ ಅನ್ನೋ ಸೀರೆ ಮಳಿಗೆಗೆ ಅಂತ. ಲೇಬಲ್ಲಿನ ಅಡಿಯಿಂದ ಒಬ್ಬ ಅಮ್ಮ ಈಚೆ ಬಂದ ಹಾಗಾಯಿತು ನನಗೆ. ನಿಮ್ಮಮ್ಮನೂ ಧಾರೆ ಸೀರೆಗೆ ಅಂಗಡಿ ಅಂಗಡಿ ಸುತ್ತಿ, ಬಾಗಿಲಿಗೆ ಬಂದು ಸೆರಗನ್ನು ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತಿದ್ದಾರಂತಲ್ಲ. ನಿನ್ನ ವಿಡಿಯೋದಲ್ಲಿ ಅದು ಎಲ್ಲೂ ಇಲ್ಲ.

ನಾನು ಇದನ್ನೆಲ್ಲ ಇಷ್ಟು ಯೋಚಿಸಲು ಒಂದು ಕಾರಣ ಇದೆ. ನಮ್ಮ ಮದುವೆ ವಿಡಿಯೋದಲ್ಲೂ ಅಂಥದ್ದೊಂದು ತುಣುಕಿದೆ. ನಾನು ಛತ್ರದ ಮೆಟ್ಟಿಲು ಇಳಿದು ಬರುತ್ತೇನೆ, ಇವರು ಕೆಳಗೆ ನಿಂತು ತಲೆ ಎತ್ತಿ ನೋಡುತ್ತಾರೆ. ಕಣ್ಣು ತುಂಬಿದೆ. "ಸರ್, ಮೇಡಂನ ಮೊದಲ ಸಲ ನೋಡ್ತಿರೋ ಥರ" ಅಂತ ಫೋಟೋಗ್ರಾಫರ್ ಮತ್ತೆ ಮತ್ತೆ ತೆಗೆಸಿದ್ದ. ಕಣ್ಣಲ್ಲಿ ನೀರು ಬಂದದ್ದು ಲೈಟಿಗೆ. ನಾನು ಅಲ್ಲೇ ಇದ್ದೆ, ನನಗೆ ಗೊತ್ತು. ಗೊತ್ತಿದ್ದೂ ಕೆಲವು ರಾತ್ರಿ ಇವರು ಮಲಗಿದ ಮೇಲೆ, ಸದ್ದು ಕಡಿಮೆ ಮಾಡಿ ಅದನ್ನು ನೋಡುತ್ತೇನೆ. ಒಂದು ಸಲ ಹಾಗೆ ನನ್ನನ್ನು ನೋಡಲಿ ಅಂತ ಆಸೆ. ಇವರು ಹಾಗೆ ನೋಡುವವರಲ್ಲ. ನನ್ನ ಸ್ಕೂಟರಿನ ಟೈರಿನಲ್ಲಿ ಗಾಳಿ ಕಡಿಮೆಯಾದರೆ ನನಗಿಂತ ಮೊದಲು ಇವರಿಗೆ ಗೊತ್ತಾಗುತ್ತದೆ, ಬೆಳಿಗ್ಗೆ ನಾನು ಏಳುವಷ್ಟರಲ್ಲಿ ತುಂಬಿಸಿಕೊಂಡು ಬಂದಿರುತ್ತಾರೆ. ಅದೂ ನನ್ನನ್ನು ನೋಡುವುದೇ ಅಲ್ವಾ? ಬುದ್ಧಿ ಹೌದು ಅನ್ನುತ್ತದೆ. ಮನಸ್ಸು ಹೋಗಿ ಆ ಮೆಟ್ಟಿಲ ಹತ್ತಿರ ನಿಲ್ಲುತ್ತದೆ. ಇದನ್ನು ಇವರಿಗೂ ಹೇಳಿಲ್ಲ ಮಂಜು.

ಇಲ್ಲಿ ಹೇಳಿಬಿಟ್ಟೆ. ಇರಲಿ, ಅಳಿಸಲ್ಲ.

ಮದುವೆ ಮನೆಯಲ್ಲಿ ಅಳುವ ಹಕ್ಕು ನಿಮ್ಮ ಸೋದರತ್ತೆಯದು, ನಾನು ಅದಕ್ಕೆ ಕೈ ಹಾಕಲ್ಲ. ಒಂದು ಮಾತು ನಡೆಸಿಕೊಡು ಸಾಕು. ಧಾರೆ ಎರೆಯುವ ಹೊತ್ತಿಗೆ ಕ್ಯಾಮೆರಾದವರನ್ನು ಸ್ವಲ್ಪ ಪಕ್ಕಕ್ಕೆ ನಿಲ್ಲಿಸು. ನಿಮ್ಮ ಅಕ್ಕನ ಮದುವೆಯಲ್ಲಿ ನಾವೆಲ್ಲ ಅಕ್ಷತೆ ಹಾಕಿದ್ದು ಕ್ಯಾಮೆರಾದವರ ಬೆನ್ನಿಗೆ. ಈ ಸಲ ನಿಮ್ಮಿಬ್ಬರ ತಲೆ ಮೇಲೆ ಬೀಳಲಿ.

ಹಿಂದಿನ ದಿನವೇ ಬರುತ್ತೇವೆ, ಇಬ್ಬರೂ. ಚಿರೋಟಿ ಇದೆ ತಾನೇ? ಬಾದಾಮಿ ಹಾಲು ಜಾಸ್ತಿ ಮಾಡಿಸು, ಇವರು ಎರಡನೇ ಸಲ ಹಾಕಿಸಿಕೊಳ್ಳಲು ನಾಚಿಕೊಳ್ಳುತ್ತಾರೆ, ನೀನೇ ಬಂದು ಬಡಿಸಬೇಕು.

ನಿನ್ನ,
ಸುಮಿ