‘ಹಳೇ ಚಿತ್ರವೇ ಚೆನ್ನಾಗಿತ್ತು’ ಎನ್ನುವವರಿಗೆ

ಸಂಪಾದಕರಿಗೆ ನಮಸ್ಕಾರ.

ವೆಬ್‌ಕಾಮಿಕ್‌ಗಳ, ಅಂದರೆ ಇಂಟರ್‌ನೆಟ್‌ನಲ್ಲಿ ಕಂತು ಕಂತಾಗಿ ಬರುವ ಚಿತ್ರಕಥೆಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚಿತ್ರದ ಶೈಲಿ ಬದಲಾದಾಗ ಓದುಗರು ಹೇಗೆಲ್ಲ ಸಿಟ್ಟಾಗುತ್ತಾರೆ ಎಂದು ಅದರಲ್ಲಿ ವಿವರವಾಗಿ ಇದೆ. ಶೈಲಿ ಯಾಕೆ ಬದಲಾಗುತ್ತದೆ ಎಂಬುದಕ್ಕೆ ಒಂದು ಸಾಲೂ ಇಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತಳಾದವಳು ನಾನು. ಸುಮ್ನಿರಲು ಆಗಲಿಲ್ಲ.

ನಾನು ಬಿಡದೆ ಓದುವ ವೆಬ್‌ಕಾಮಿಕ್ ಅಂದರೆ ಜೆಫ್ ಜಾಕ್ಸ್ ಅವರ ‘ಕ್ವೆಶ್ಚನಬಲ್ ಕಂಟೆಂಟ್’. ಅಣ್ಣನ ಮಗಳು ಹಚ್ಚಿದ ಹುಚ್ಚು. ಈ ಕಾಮಿಕ್ 2003ರ ಆಗಸ್ಟ್‌ನಲ್ಲಿ ಶುರುವಾಯಿತು. ವಾರಕ್ಕೆ ಐದು ಕಂತು. 2023ರಲ್ಲಿ ಕಂತುಗಳ ಸಂಖ್ಯೆ 5,000 ದಾಟಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್ ಎಂಬ ಊರಿನ ಹುಡುಗ ಹುಡುಗಿಯರ ಕಥೆ. ಮಾರ್ಟನ್, ಫೇ, ಕಾಫಿ ಅಂಗಡಿ ನಡೆಸುವ ಡೋರಾ, ಪಿಂಟ್‌ಸೈಜ್ ಎಂಬ ತುಂಟ ರೋಬೋ. ಬರೆಯುವುದೂ ಬಿಡಿಸುವುದೂ ಒಬ್ಬರೇ. ಓದಲು ದುಡ್ಡು ಕೊಡಬೇಕಾಗಿಲ್ಲ.

ಶುರುವಿನ ಕಂತುಗಳನ್ನು ತೆಗೆದು ನೋಡಿ. ಮೈಯೆಲ್ಲ ಬಿಗಿ. ಹಿನ್ನೆಲೆ ಇದ್ದೂ ಇಲ್ಲದಂತೆ. ಮುಖದಲ್ಲಿ ಬರುವ ಭಾವಗಳು ಬೆರಳೆಣಿಕೆಯಷ್ಟು. ಈಗಿನ ಕಂತುಗಳಲ್ಲಿ ಪಾತ್ರಗಳು ಕುರ್ಚಿಯಲ್ಲಿ ಕೂತರೆ ಮೈಯ ಭಾರ ಕಾಣುತ್ತದೆ. ಬಣ್ಣ, ಬೆಳಕು, ಕಣ್ಣಿನ ಆಕಾರ, ಎಲ್ಲವೂ ಬೇರೆ. ಎರಡನ್ನೂ ಒಬ್ಬರೇ ಬಿಡಿಸಿದ್ದು ಅಂದರೆ ಗೊತ್ತಿಲ್ಲದವರು ನಂಬುವುದಿಲ್ಲ.

ಓದುಗರ ದೂರುಗಳಲ್ಲಿ ಒಂದನ್ನು ನಾನು ಪೂರ್ತಿ ಒಪ್ಪುತ್ತೇನೆ. ‘ಈಗ ಎಲ್ಲರ ಮುಖವೂ ಒಂದೇ ಥರ ಕಾಣುತ್ತದೆ’ ಎನ್ನುವುದು. ಇದು ತರಗತಿಯಲ್ಲಿ ನಾನು ದಿನಾ ಕಂಡ ವಿಷಯ. ಒಂದು ಮೂಗನ್ನು ಚೆನ್ನಾಗಿ ಬಿಡಿಸಲು ಕಲಿತ ಮಗು ಆ ಮೂಗನ್ನೇ ಅಪ್ಪನಿಗೂ ಇಡುತ್ತದೆ, ಅಜ್ಜಿಗೂ ಇಡುತ್ತದೆ. ಕೈ ಪಳಗಿದ ಹಾಗೆಲ್ಲ ಅದು ಸಲೀಸಾದ ದಾರಿ ಹಿಡಿಯುತ್ತದೆ. ಪಳಗದ ಕೈ ಹಾಗಲ್ಲ. ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಲು ಕೂದಲು, ಕನ್ನಡಕ, ಭುಜ, ಏನು ಸಿಕ್ಕರೂ ಬಳಸಿಕೊಳ್ಳುತ್ತದೆ. ಹಾಗಾಗಿ ಇಂಥ ಮಾತು ಹೇಳುವ ಓದುಗರು ಚಿತ್ರವನ್ನು ನಿಜವಾಗಿ ನೋಡಿದ್ದಾರೆ. ಅವರನ್ನು ಗೊಣಗುವವರ ಸಾಲಿಗೆ ಸೇರಿಸಿದ್ದು ನಿಮ್ಮ ಲೇಖನದ ಅನ್ಯಾಯ.

ಆದರೆ ‘ಹಳೇ ಶೈಲಿಗೇ ವಾಪಸ್ ಹೋಗಿ’ ಎನ್ನುವುದು ಬೇರೆ ಮಾತು. ಅದು ಆಗದ ಕೆಲಸ. ಗೆರೆ ಬರುವುದು ಭುಜ, ಮೊಣಕೈ, ಮಣಿಕಟ್ಟಿನ ಅಭ್ಯಾಸದಿಂದ. ಇಪ್ಪತ್ತು ವರ್ಷ ದುಡಿದ ಕೈಗೆ ಮೊದಲ ವರ್ಷದ ಹಾಗೆ ಎಳೆ ಎಂದರೆ ಅದು ತನ್ನನ್ನೇ ಕಾಪಿ ಮಾಡಬೇಕು. ಕಾಪಿ ಮಾಡಿದ ಗೆರೆ ಅಳುಕುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಇನ್ನೂ ಒಂದು ಕಾರಣವಿದೆ. ಇದೇ ಕಥೆಯಲ್ಲಿ ಫೇ ಕುಡಿತಕ್ಕೆ ಬೀಳುತ್ತಾಳೆ. ಕೆಲಸದ ವೇಳೆಯಲ್ಲೂ ಕುಡಿದು ಕಾಫಿ ಅಂಗಡಿಯ ಕೆಲಸ ಕಳೆದುಕೊಳ್ಳುತ್ತಾಳೆ. ಆಮೇಲೆ ನಿಧಾನಕ್ಕೆ ಎದ್ದು ನಿಲ್ಲುತ್ತಾಳೆ. ಆ ನಾಚಿಕೆ, ಆ ಸುಸ್ತು 2003ರ ಮುಖದಲ್ಲಿ ಹಿಡಿಸುತ್ತಿರಲಿಲ್ಲ. ಕಥೆ ಜಾಸ್ತಿ ಕೇಳಿತು, ಕೈ ಕಲಿಯಿತು. ಫೇಯ ಈ ಕಥೆಯನ್ನು ಮೆಚ್ಚಿಕೊಂಡು, ಅದನ್ನು ಹೇಳಿದ ಗೆರೆಯನ್ನು ಮಾತ್ರ ಬೇಡ ಅನ್ನುವುದು ಹೇಗೆ?

ಒರಟು ಚಿತ್ರ ಕೀಳು ಎಂದು ನಾನು ಹೇಳುತ್ತಿಲ್ಲ. ಜಪಾನಿನಲ್ಲಿ ಒನ್ ಎಂಬ ಹೆಸರಿನಲ್ಲಿ ಬರೆಯುವವರು 2009ರಲ್ಲಿ ‘ಒನ್ ಪಂಚ್ ಮ್ಯಾನ್’ ಎಂಬ ವೆಬ್‌ಕಾಮಿಕ್ ಶುರು ಮಾಡಿದರು. ತೀರಾ ಒರಟು ಗೆರೆ. 2012ರಿಂದ ಯೂಸುಕೆ ಮುರಾಟ ಅದನ್ನು ಬೆರಗಾಗುವಷ್ಟು ಚೆನ್ನಾಗಿ ಹೊಸದಾಗಿ ಬಿಡಿಸುತ್ತಾ ಬಂದರು. ಆದರೂ ಮೂಲವನ್ನೇ ಹುಡುಕಿಕೊಂಡು ಹೋಗುವವರು ತುಂಬ ಜನ. ಅಲ್ಲಿನ ನಗು ಆ ಒರಟು ಗೆರೆಯಲ್ಲೇ ಇದೆ ಎಂದು ನನಗೂ ಅನ್ನಿಸುತ್ತದೆ.

ನಿಮ್ಮ ಲೇಖನ ಮುಟ್ಟದೇ ಬಿಟ್ಟ ಮುಖ್ಯ ಸಂಗತಿ ಇನ್ನೊಂದಿದೆ. ದಿನಾ ಓದುವವರಿಗೆ ಬದಲಾವಣೆ ಕಾಣುವುದೇ ಕಡಿಮೆ. ನಡುವೆ ಬಿಟ್ಟು ಎಷ್ಟೋ ವರ್ಷದ ಮೇಲೆ ಬಂದವರಿಗೆ ಅದು ಒಂದೇ ಏಟಿಗೆ ಕಾಣುತ್ತದೆ, ಗಾಬರಿಯಾಗುತ್ತದೆ. ಮೊದಲು ಪತ್ರಿಕೆ ಓದುಗರಿಗೆ ಈ ಕಷ್ಟ ಇರಲಿಲ್ಲ. ಚಾರ್ಲ್ಸ್ ಶುಲ್ಜ್ ‘ಪೀನಟ್ಸ್’ ಎಂಬ ದಿನಪತ್ರಿಕೆಯ ಚಿತ್ರಕಥೆಯನ್ನು 1950ರಿಂದ 2000ದವರೆಗೆ ತಮ್ಮ ಕೈಯಿಂದಲೇ ಬಿಡಿಸಿದರು. ಶುರುವಿನಲ್ಲಿ ಸ್ನೂಪಿ ನಾಲ್ಕು ಕಾಲಲ್ಲಿ ಓಡಾಡುವ ಮಾಮೂಲಿ ನಾಯಿಮರಿ. ಆಮೇಲೆ ಎರಡು ಕಾಲಲ್ಲಿ ನಡೆದ, ಮೂತಿ ಉದ್ದವಾಯಿತು. 1981ರಲ್ಲಿ ಶುಲ್ಜ್ ಅವರಿಗೆ ಹೃದಯದ ಆಪರೇಷನ್ ಆಯಿತು. ಆಮೇಲಿನ ವರ್ಷಗಳಲ್ಲಿ ಕೈ ನಡುಗತೊಡಗಿತು. ಕೊನೆಯ ವರ್ಷಗಳ ಗೆರೆಯಲ್ಲಿ ಆ ನಡುಕ ಎದ್ದು ಕಾಣುತ್ತದೆ. ಅವರು ಆ ಗೆರೆಯಲ್ಲೇ ಮುಂದುವರಿದರು. ಆಗ ದಿನಪತ್ರಿಕೆ ಮಾರನೇ ದಿನ ರದ್ದಿಗೆ ಹೋಗುತ್ತಿತ್ತು. 1952ರ ಸ್ನೂಪಿಯನ್ನೂ 1992ರ ಸ್ನೂಪಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಎಷ್ಟು ಜನ? ವೆಬ್‌ಕಾಮಿಕ್‌ನಲ್ಲಿ ಮೊದಲ ಕಂತಿಗೂ ಇವತ್ತಿನ ಕಂತಿಗೂ ಬೆರಳ ತುದಿಯಷ್ಟೇ ದೂರ. ಚಿತ್ರಕಾರ ಕಲಿತದ್ದು, ಎಡವಿದ್ದು, ದಣಿದದ್ದು ಎಲ್ಲವೂ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಅಷ್ಟನ್ನು ತೆರೆದಿಟ್ಟವರ ಜೊತೆ ಮಾತಾಡುವಾಗ ಸ್ವಲ್ಪ ತಾಳ್ಮೆ ಬೇಕು, ಅಲ್ವಾ?

ನನ್ನದೊಂದು ಕೇಳಿಕೆ. ಈ ವಿಷಯದ ಬಗ್ಗೆ ಮತ್ತೆ ಬರೆಸುವಾಗ, ಅನುಮತಿ ಪಡೆದು ಹಳೆಯದು, ನಡುವಿನದು, ಈಗಿನದು ಎಂದು ಮೂರು ಕಂತುಗಳನ್ನು ಒಂದೇ ಸಾಲಿನಲ್ಲಿ ಅಚ್ಚು ಹಾಕಿ. ಏನು ಹೋಯಿತು, ಏನು ಬಂತು ಎಂದು ಓದುಗರೇ ಬರೆದು ಕಳಿಸಲಿ. ಜೊತೆಗೆ, ನಿಮ್ಮ ಪತ್ರಿಕೆಗೆ ದಿನಾ ವ್ಯಂಗ್ಯಚಿತ್ರ ಬಿಡಿಸುವವರಿದ್ದಾರೆ. ಅವರ ಗೆರೆ ಶುರುವಿನಿಂದ ಇಲ್ಲಿವರೆಗೆ ಹೇಗೆ ಬದಲಾಗಿದೆ ಎಂದು ಮೊದಲು ಅವರನ್ನೇ ಕೇಳಿ ಬರೆಸಿ.

ಇತಿ,
ನಿವೃತ್ತ ಚಿತ್ರಕಲಾ ಶಿಕ್ಷಕಿ, ದಾವಣಗೆರೆ