ಅಯೋವಾ ಗೆದ್ದವರೆಲ್ಲ ಅಭ್ಯರ್ಥಿಗಳಾಗಲಿಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ 2028ರ ಅಧ್ಯಕ್ಷೀಯ ಚುನಾವಣೆಯನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವು, ಪಕ್ಷಗಳು ತಮ್ಮ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ರಾಜ್ಯವಾರು ಸರದಿಯಲ್ಲಿ ನಡೆಸುವ ಮತದಾನದ ಆರಂಭದಲ್ಲೇ ಬರುವ ಅಯೋವಾ ಮತ್ತು ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲಿ ಗೆದ್ದವರೇ ಪಕ್ಷದ ಅಭ್ಯರ್ಥಿಯಾಗುತ್ತಾರೆ ಎಂಬ ಮಾತನ್ನು ನಿಯಮವೆಂಬಂತೆ ಹೇಳಿದೆ. ನಾನು ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಮರುದಿನ ಬೆಳಿಗ್ಗೆ ಗ್ರಂಥಾಲಯದ ಓದುವ ಕೋಣೆಯಲ್ಲಿ ಜೇವರ್ಗಿ ಕಡೆಯ ಒಬ್ಬ ವಿದ್ಯಾರ್ಥಿನಿ ಆ ಸಾಲನ್ನು ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡು, ಕೆಳಗೆ ಕೆಂಪು ಗೆರೆ ಎಳೆದು, "ಸರ್, ಪರೀಕ್ಷಾದಾಗ ಇದನ್ನ ಹಿಂಗೇ ಬರೀಲೇನ್ರೀ?" ಎಂದು ಕೇಳಿದಳು. ಬೇಡ ಎಂದೆ. ಏಕೆ ಬೇಡ ಎಂಬುದನ್ನು ತಮ್ಮ ಓದುಗರಿಗೂ ತಿಳಿಸಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಲೇಖನದ ಮಾತಿಗೆ ಆಧಾರವೇ ಇಲ್ಲವೆಂದು ನಾನು ಹೇಳುವುದಿಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಪ್ರೈಮರಿಗಳಲ್ಲಿ, ಅಂದರೆ ಅಭ್ಯರ್ಥಿಯನ್ನು ಆರಿಸಲು ರಾಜ್ಯಗಳಲ್ಲಿ ನಡೆಯುವ ಮತದಾನಗಳಲ್ಲಿ, ಸ್ಪರ್ಧಿಸದೆಯೇ ಡೆಮಾಕ್ರಟಿಕ್ ಅಭ್ಯರ್ಥಿಯಾದದ್ದು ದೊಡ್ಡ ಅಸಮಾಧಾನಕ್ಕೆ ಕಾರಣವಾಗಿ, ಅಭ್ಯರ್ಥಿಯನ್ನು ಆರಿಸುವ ಅಧಿಕಾರ ಮುಖಂಡರ ಕೈಯಿಂದ ಮತದಾರರ ಕೈಗೆ ಬಂದ ಮೇಲೆ, ಮೊದಲು ಮತ ಹಾಕುವ ರಾಜ್ಯಗಳಿಗೆ ಎಲ್ಲಿಲ್ಲದ ಮಹತ್ವ ಬಂತು. 1976ರಲ್ಲಿ ದೇಶಕ್ಕೆ ಅಷ್ಟಾಗಿ ಪರಿಚಯವಿಲ್ಲದಿದ್ದ ಜಿಮ್ಮಿ ಕಾರ್ಟರ್ ಅಯೋವಾದಲ್ಲಿ ಉಳಿದ ಸ್ಪರ್ಧಿಗಳನ್ನೆಲ್ಲ ಹಿಂದಿಕ್ಕಿ, ನ್ಯೂ ಹ್ಯಾಂಪ್‌ಶೈರ್ ಗೆದ್ದು, ಕೊನೆಗೆ ಅಧ್ಯಕ್ಷರೇ ಆದರು. ಡೆಮಾಕ್ರಟಿಕ್ ಪಕ್ಷದಲ್ಲಿ 2000ದಲ್ಲಿ ಅಲ್ ಗೋರ್, 2004ರಲ್ಲಿ ಜಾನ್ ಕೆರಿ, ರಿಪಬ್ಲಿಕನ್ ಪಕ್ಷದಲ್ಲಿ 2024ರಲ್ಲಿ ಡೊನಾಲ್ಡ್ ಟ್ರಂಪ್ ಎರಡೂ ರಾಜ್ಯಗಳನ್ನು ಗೆದ್ದು ಅಭ್ಯರ್ಥಿಗಳಾದರು. ಆದರೆ ಇದೇ ಪಟ್ಟಿಯ ಮಗ್ಗುಲಲ್ಲಿ ರಿಪಬ್ಲಿಕನ್ ಪಕ್ಷದವರ ಇನ್ನೊಂದು ಪಟ್ಟಿಯಿದೆ, ಲೇಖಕರು ಅದನ್ನು ಮುಟ್ಟಿಯೇ ಇಲ್ಲ. 1980ರಲ್ಲಿ ಅಯೋವಾ ಗೆದ್ದವರು ಹಿರಿಯ ಜಾರ್ಜ್ ಬುಷ್, ಅಭ್ಯರ್ಥಿಯಾದವರು ರೊನಾಲ್ಡ್ ರೇಗನ್. 1988ರಲ್ಲಿ ಅದೇ ಬುಷ್ ಅಲ್ಲಿ ಮೂರನೆಯ ಸ್ಥಾನಕ್ಕೆ ಇಳಿದರೂ ಅಭ್ಯರ್ಥಿಯಾದರು. 2008ರಲ್ಲಿ ಮೈಕ್ ಹಕಬಿ, 2012ರಲ್ಲಿ ಕೇವಲ 34 ಮತಗಳಿಂದ ರಿಕ್ ಸ್ಯಾಂಟೋರಮ್, 2016ರಲ್ಲಿ ಟೆಡ್ ಕ್ರೂಜ್ ಅಯೋವಾ ಗೆದ್ದರು, ಮೂವರಲ್ಲಿ ಒಬ್ಬರೂ ಅಭ್ಯರ್ಥಿಯಾಗಲಿಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಕಥೆಯೂ ಬೇರೆಯಲ್ಲ: 1996ರಲ್ಲಿ ಪ್ಯಾಟ್ ಬುಕಾನನ್, 2000ದಲ್ಲಿ ಜಾನ್ ಮೆಕೇನ್ ಅಲ್ಲಿ ಗೆದ್ದು ಮುಂದೆ ಸೋತರು.

ನಮ್ಮಲ್ಲಿ ಮತ ಎಣಿಕೆಯ ದಿನ ಮೊದಲ ಸುತ್ತು ಮುಗಿಯುತ್ತಲೇ ಗುಲಾಲು ಎರಚಿ ಪಟಾಕಿ ಹಚ್ಚಿದ ಕಾರ್ಯಕರ್ತರು ಹತ್ತನೆಯ ಸುತ್ತಿನ ಹೊತ್ತಿಗೆ ಬಾವುಟ ಸುತ್ತಿಕೊಂಡು ಮನೆಯ ದಾರಿ ಹಿಡಿದದ್ದನ್ನು ಎಷ್ಟೋ ಸಲ ಕಂಡಿದ್ದೇವೆ. ಒಂದು ಸುತ್ತಿಗೆ ಸಾಮಾನ್ಯವಾಗಿ 14 ಮೇಜುಗಳು, ಆ ಮೇಜುಗಳಿಗೆ ಮೊದಲು ಬಂದದ್ದು ಯಾವ ಊರಿನ ಮತಗಟ್ಟೆಗಳು ಎಂಬುದರ ಮೇಲೆ ಮುನ್ನಡೆ ನಿಂತಿರುತ್ತದೆ. ವಿದ್ಯಾರ್ಥಿಗಳಿಗೆ ನಾನು ಈ ಹೋಲಿಕೆಯನ್ನೇ ಕೊಡುತ್ತೇನಾದರೂ ಅದು ಅರ್ಧದಷ್ಟೇ ಸರಿ ಎಂದೂ ಹೇಳುತ್ತೇನೆ. ನಮ್ಮ ಮೊದಲ ಸುತ್ತಿನ ಅಂಕಿ ಹದಿನೈದನೆಯ ಸುತ್ತಿನ ಯಂತ್ರದೊಳಗಿನ ಒಂದು ಮತವನ್ನೂ ಬದಲಿಸಲಾರದು, ಏಕೆಂದರೆ ಮತ ಆಗಲೇ ಬಿದ್ದು ಮುಗಿದಿದೆ. ಅಮೆರಿಕದಲ್ಲಿ ಹಾಗಲ್ಲ. ಅಯೋವಾದ ಫಲಿತಾಂಶ ಹೊರಬಿದ್ದಾಗ ಉಳಿದ ರಾಜ್ಯಗಳ ಮತದಾರರು ಇನ್ನೂ ಮತಗಟ್ಟೆಗೆ ಹೋಗಿರುವುದಿಲ್ಲ. ಗೆದ್ದವರ ಕಡೆಗೆ ದೇಣಿಗೆ ಹರಿಯುತ್ತದೆ, ದೂರದರ್ಶನ ವಾಹಿನಿಗಳು ಅವರನ್ನೇ ತೋರಿಸುತ್ತವೆ, ಹಿಂದೆ ಬಿದ್ದವರು ಕೈಯಲ್ಲಿ ಕಾಸಿಲ್ಲದೆ ಕಣದಿಂದ ಸರಿಯುತ್ತಾರೆ. ಆದ್ದರಿಂದ ಮೊದಲ ರಾಜ್ಯಗಳ ನಿಜವಾದ ಕೆಲಸ ಕಣವನ್ನು ತೆಳುವಾಗಿಸುವುದು, ಯಾರು ಉಳಿಯಲಾರರು ಎಂಬುದನ್ನು ತಿಳಿಸುವುದು. ಯಾರು ಅಭ್ಯರ್ಥಿಯಾಗಬೇಕು ಎಂಬುದನ್ನು ತೀರ್ಮಾನಿಸುವವರು ಆಮೇಲೆ ಬರುತ್ತಾರೆ.

ಇದಕ್ಕೆ 2020ರಷ್ಟು ಸ್ಪಷ್ಟವಾದ ಉದಾಹರಣೆ ಮತ್ತೊಂದಿಲ್ಲ. ಆ ವರ್ಷ ಅಯೋವಾದಲ್ಲಿ ಜೋ ಬೈಡನ್ ನಾಲ್ಕನೆಯವರಾದರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಬರ್ನಿ ಸ್ಯಾಂಡರ್ಸ್ ನ್ಯೂ ಹ್ಯಾಂಪ್‌ಶೈರ್ ಮತ್ತು ನೆವಾಡಾಗಳನ್ನು ಗೆದ್ದಾಗ ಬೈಡನ್ ಅವರ ಕಥೆ ಮುಗಿಯಿತೆಂದು ಬರೆದವರು ಬಹಳ ಮಂದಿ. ಆದರೆ ಅಯೋವಾ, ನ್ಯೂ ಹ್ಯಾಂಪ್‌ಶೈರ್‌ಗಳ ಜನರಲ್ಲಿ ಬಹುಪಾಲು ಬಿಳಿಯರು. ಡೆಮಾಕ್ರಟಿಕ್ ಪಕ್ಷಕ್ಕೆ ದಶಕಗಳಿಂದ ಬೆನ್ನೆಲುಬಾಗಿ ನಿಂತ ಕಪ್ಪು ಜನರು ಅಲ್ಲಿ ಬೆರಳೆಣಿಕೆಯಷ್ಟು. ಅವರ ಸರದಿ ಬಂದದ್ದು ಫೆಬ್ರವರಿ 29ರಂದು, ದಕ್ಷಿಣ ಕೆರೊಲಿನಾದಲ್ಲಿ. ಆ ರಾಜ್ಯದ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಮೂರು ದಿನ ಮೊದಲು ಬೈಡನ್ ಅವರಿಗೆ ಬೆಂಬಲ ಘೋಷಿಸಿದ್ದರು. ಬೈಡನ್ ಭಾರಿ ಅಂತರದಿಂದ ಗೆದ್ದರು. ಪೀಟ್ ಬುಟಿಜಜ್, ಏಮಿ ಕ್ಲೋಬುಚಾರ್ ಕಣದಿಂದ ಹಿಂದೆ ಸರಿದು ಅವರ ಪರ ನಿಂತರು. ಹಲವು ರಾಜ್ಯಗಳು ಒಂದೇ ದಿನ ಮತ ಹಾಕುವ ಮಾರ್ಚ್ 3ರ 'ಸೂಪರ್ ಟ್ಯೂಸ್‌ಡೇ'ಯಂದು 14 ರಾಜ್ಯಗಳ ಪೈಕಿ 10 ಬೈಡನ್ ಪಾಲಾದವು. ಒಂದು ತಿಂಗಳ ಮುನ್ನಡೆ ಮೂರು ದಿನಗಳಲ್ಲಿ ಕರಗಿತು. ಇದರಿಂದ ಪಾಠ ಕಲಿತ ಪಕ್ಷ 2024ರಲ್ಲಿ ತನ್ನ ಅಧಿಕೃತ ವೇಳಾಪಟ್ಟಿಯಲ್ಲಿ ದಕ್ಷಿಣ ಕೆರೊಲಿನಾಕ್ಕೇ ಮೊದಲ ಸ್ಥಾನ ಕೊಟ್ಟಿತು.

ಲೆಕ್ಕವನ್ನೂ ನೋಡಬೇಕು. ಅಭ್ಯರ್ಥಿಯಾಗಲು ಬೇಕಾದದ್ದು ರಾಜ್ಯಗಳ ಸಂಖ್ಯೆಯಲ್ಲ, ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಪಕ್ಷದ ಸಮಾವೇಶಕ್ಕೆ ರಾಜ್ಯಗಳಿಂದ ಹೋಗುವ ಪ್ರತಿನಿಧಿಗಳ ಬಹುಮತ. 2020ರಲ್ಲಿ ಡೆಮಾಕ್ರಟಿಕ್ ಪಕ್ಷದ ಚುನಾಯಿತ ಪ್ರತಿನಿಧಿಗಳು 3,979. ಅಯೋವಾದ ಪಾಲು 41, ನ್ಯೂ ಹ್ಯಾಂಪ್‌ಶೈರ್‌ನದು 24. ಎರಡೂ ಸೇರಿ ನೂರಕ್ಕೆ ಎರಡೂ ಆಗುವುದಿಲ್ಲ, ಕ್ಯಾಲಿಫೋರ್ನಿಯಾ ಒಂದಕ್ಕೇ 415. ಶೇ 15ರಷ್ಟು ಮತ ಪಡೆದವರಿಗೆಲ್ಲ ಆ ಪಕ್ಷದಲ್ಲಿ ಪಾಲು ಸಿಗುವುದರಿಂದ, ಗೆದ್ದವರಿಗೂ ಈ ಸಣ್ಣ ಗಂಟಿನಲ್ಲಿ ಒಂದು ಹಿಡಿಯಷ್ಟೇ ದಕ್ಕುತ್ತದೆ. ರಿಪಬ್ಲಿಕನ್ ಪಕ್ಷದಲ್ಲಿ ಕೆಲವು ರಾಜ್ಯಗಳು ಗೆದ್ದವರಿಗೆ ಎಲ್ಲವನ್ನೂ ಕೊಡುತ್ತವೆ. 2016ರ ಮಾರ್ಚ್‌ನಲ್ಲಿ ಫ್ಲಾರಿಡಾದ 99 ಪ್ರತಿನಿಧಿಗಳೂ ಟ್ರಂಪ್ ಅವರಿಗೇ ಹೋದರು, ಆ ರಾತ್ರಿಯೇ ಅಲ್ಲಿಯವರೇ ಆದ ಮಾರ್ಕೊ ರೂಬಿಯೊ ಕಣ ಬಿಟ್ಟರು.

ಕಲಬುರಗಿಯವನಾಗಿ ಇನ್ನೊಂದು ಸಂಗತಿಯನ್ನು ನೆನೆಯದೆ ಇರಲಾರೆ. 2022ರ ಅಕ್ಟೋಬರ್ 17ರಂದು ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆದಾಗ, ಇಲ್ಲಿಂದಲೇ ಲೋಕಸಭೆಗೆ ಹೋಗಿದ್ದ ಮಲ್ಲಿಕಾರ್ಜುನ ಖರ್ಗೆಯವರು 7,897 ಮತಗಳನ್ನೂ ಶಶಿ ತರೂರ್ 1,072 ಮತಗಳನ್ನೂ ಪಡೆದರು. ಅಲ್ಲಿ ಎಲ್ಲ ರಾಜ್ಯಗಳ ಪ್ರತಿನಿಧಿಗಳು ಒಂದೇ ದಿನ ಮತ ಹಾಕಿದ್ದರಿಂದ, ಮೊದಲ ರಾಜ್ಯದ ಗಾಳಿ ಎರಡನೆಯ ರಾಜ್ಯಕ್ಕೆ ಬೀಸುವ ಪ್ರಶ್ನೆಯೇ ಇರಲಿಲ್ಲ. ಆರಂಭದ ಗೆಲುವಿನ ಬಲವೆಂಬುದು ಅಮೆರಿಕದ ಮತದಾರರ ವಿಶೇಷ ಗುಣವಲ್ಲ, ಸರದಿಯ ಪ್ರಕಾರ ತಿಂಗಳುಗಟ್ಟಲೆ ನಡೆಯುವ ಅವರ ಮತದಾನ ಪದ್ಧತಿಯದು ಎಂಬುದು ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ತಿಳಿಯುತ್ತದೆ.

ತಮ್ಮಲ್ಲಿ ನನ್ನ ವಿನಂತಿ ಇಷ್ಟು: 2028ರ ಆರಂಭದಲ್ಲಿ ಮೊದಲ ರಾಜ್ಯಗಳ ಸುದ್ದಿಯನ್ನು ಮುಖಪುಟದಲ್ಲಿ ಹಾಕುವಾಗ, ಗೆದ್ದವರ ಹೆಸರಿನ ಜೊತೆಗೆ ಅವರಿಗೆ ಆ ದಿನ ದಕ್ಕಿದ ಪ್ರತಿನಿಧಿಗಳೆಷ್ಟು, ಅಭ್ಯರ್ಥಿಯಾಗಲು ಒಟ್ಟು ಬೇಕಾದವರೆಷ್ಟು ಎಂಬ ಎರಡು ಅಂಕಿಗಳನ್ನೂ ದಯವಿಟ್ಟು ಅಚ್ಚು ಮಾಡಿರಿ. ನಮ್ಮ ಭಾಗದ ಮಕ್ಕಳು ಪತ್ರಿಕೆಯನ್ನು ಪಠ್ಯದಂತೆ ಓದುತ್ತಾರೆ, ಕತ್ತರಿಸಿ ಅಂಟಿಸಿಟ್ಟುಕೊಳ್ಳುತ್ತಾರೆ.

ಇತಿ ತಮ್ಮ ವಿಶ್ವಾಸಿ,
ರಾಜ್ಯಶಾಸ್ತ್ರದ ಅಧ್ಯಾಪಕ, ಕಲಬುರಗಿ