ಎಂಜಿನಿಯರ್ ಸಾಹೇಬರೇ, ಪೈಪಿನ ಒಂದು ತುದಿ ನೀವು ಹಿಡಿಯಿರಿ

ನಮ್ಮ ಕ್ಷೇತ್ರದ ಶಾಸಕರಿಗೆ ಶರಣು.

ನೀವು ಸಿವಿಲ್ ಎಂಜಿನಿಯರಿಂಗ್ ಓದಿದವರು, ಆಮೇಲೆ ಕಟ್ಟಡದ ಕಂಪನಿ ನಡೆಸಿದವರು. ಚುನಾವಣೆಯಲ್ಲಿ ಇದನ್ನೇ ಹೇಳಿ ಮತ ಕೇಳಿದ್ರಿ. ನಾನು ಮೂವತ್ತು ವರ್ಷ ಗೌಂಡಿ ಕೆಲಸ ಮಾಡಿದವನು. ಪೆನ್ನಿಗಿಂತ ಕರಣೆ ಹಿಡಿದಿದ್ದೇ ಜಾಸ್ತಿ. ನೀವು ಗೆದ್ದಾಗ ನಿಜಕ್ಕೂ ಖುಷಿಯಾಗಿತ್ತು, ನಮ್ಮ ಕಸುಬು ಗೊತ್ತಿದ್ದವರು ಬಂದರು ಅಂತ.

ನಮ್ಮ ಓಣಿಗೆ ಹೊಸ ಚರಂಡಿ ಆಗಿದೆ. ಮೇಲೆ ಶಹಾಬಾದ್ ಫರಸಿ ಮುಚ್ಚಿದ್ದಾರೆ, ನೋಡಲು ಚೆಂದ. ಮೊದಲ ಮಳೆಗೇ ನೀರು ಹಿಂದಕ್ಕೆ ಬಂದು ನಮ್ಮ ಹೊಸ್ತಿಲು ದಾಟಿತು. ಮರುದಿನ ಎತ್ತರ ತಗ್ಗು ನೋಡುವ ಲೆವೆಲ್ ಪೈಪಿಗೆ ನೀರು ತುಂಬಿಸಿದೆ. ಒಂದು ತುದಿ ಮೊಮ್ಮಗ ಹಿಡಿದ, ಇನ್ನೊಂದು ನಾನು. ನೀರು ಹೋಗಬೇಕಾದ ನಾಲಾ ಕಡೆ ಚರಂಡಿಯ ತಳ ನಾಲ್ಕು ಬೆರಳು ಎತ್ತರ! ಕೇಳಿದರೆ ಗುತ್ತಿಗೆದಾರರು ತಪ್ಪನ್ನು ಎರೆಮಣ್ಣಿನ ಮೇಲೆ ಹಾಕಿದರು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಒಪ್ಪಿದೆ. ಆದರೆ ಅದು ಕಲಬುರಗಿಗೆ ನಿನ್ನೆ ಬಂದಿದ್ದಲ್ಲ ಅಲ್ವಾ? ಅದಕ್ಕೇ ತಾನೇ ಕೆಳಗೆ ಜಲ್ಲಿಯಂಥ ಮುರುಮು ಮಣ್ಣು ಹಾಕಿ ಗಟ್ಟಿ ಮಾಡೋದು.

ನಿಮ್ಮ ಭಾಷಣದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ತಪ್ಪುವುದಿಲ್ಲ. ಅವರೂ ಮೊದಲು ಎಂಜಿನಿಯರ್. 1912ರಿಂದ 1918ರವರೆಗೆ ಮೈಸೂರಿನ ದಿವಾನರು. ಆ ಕುರ್ಚಿ ಬಿಟ್ಟ ಮೇಲೆ, 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಮಂಡಳಿಗೆ ಅಧ್ಯಕ್ಷರು. ಎಲ್ಲರೂ ಕೆಆರ್‌ಎಸ್ ಹೇಳುತ್ತಾರೆ. ನನಗೆ ನೆನಪಾಗುವುದು ಹೈದರಾಬಾದ್. ಆಗ ನಾವೂ ನಿಜಾಮರ ರಾಜ್ಯದವರೇ. 1908ರಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮರುವರ್ಷ ಇವರನ್ನು ಕರೆಸಿದರು. ನೀರು ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ ಎಂದು ಮೊದಲು ಲೆಕ್ಕ ಹಾಕಿದರು. ಊರಿಗೆ ಬರುವ ಮೊದಲೇ, ಮೇಲ್ಗಡೆಯೇ ನೀರು ತಡೆಯಿರಿ ಎಂದರು. ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಜಲಾಶಯಗಳು ಹುಟ್ಟಿದ್ದು ಹಾಗೆ. ಊರಿನ ಚರಂಡಿಗೂ ಅವರೇ ಯೋಜನೆ ಕೊಟ್ಟರು. ಚರಂಡಿ ಅವರಿಗೆ ಸಣ್ಣ ಕೆಲಸ ಅನ್ನಿಸಲಿಲ್ಲ ನೋಡಿ.

ನಿಮ್ಮ ಕಂಪನಿಯ ಸೈಟಿನಲ್ಲಿ ಹೀಗೆ ಆಗಿದ್ದರೆ ಬಿಲ್ಲಿಗೆ ಸಹಿ ಹಾಕ್ತಿದ್ರಾ ಸಾಹೇಬರೇ? ಉದ್ಘಾಟನೆ ದಿನ ಟೇಪು ಕತ್ತರಿಸಿ ಹೋದಿರಿ. ಈ ಸಲ ಅಳೆಯುವ ಟೇಪು ತನ್ನಿ. ಕೊನೆ ಬಿಲ್ ಅಲ್ಲಿಯವರೆಗೆ ನಿಲ್ಲಿಸಿ. ಎಂ.ಬಿ. (ಕೆಲಸದ ಅಳತೆ ಪುಸ್ತಕ) ಬರೆದ ಎಂಜಿನಿಯರನ್ನೂ ಕರೆದುಕೊಂಡು ಒಂದು ಮುಂಜಾನೆ ಬನ್ನಿ, ಹಾರ ತುರಾಯಿ ಏನೂ ಇರಲ್ಲ. ಚಹಾ ನಮ್ಮ ಮನೆಯದು. ಲೆವೆಲ್ ಪೈಪ್ ಬಾಗಿಲ ಹಿಂದೆ ನೇತುಹಾಕಿದ್ದೇನೆ.

ಇಂತಿ,
ನಿಮ್ಮ ಮತದಾರ, ಒಬ್ಬ ಗೌಂಡಿ
ಕಲಬುರಗಿ